ಶುಭಂ ಎಂದ ಮೇಲೂ

ಸಿನಿಮಾ ಮುಗಿದ ತಕ್ಷಣ ಏಳುವ ಜಾಯಮಾನ ನನ್ನದಲ್ಲ. ಬಡಗಿಯಿಂದ ಹಿಡಿದು ಅಡುಗೆಯವರ ತನಕ ಎಲ್ಲರ ಹೆಸರೂ ಪರದೆಯ ಮೇಲೆ ಹತ್ತಿಹೋಗಬೇಕು, ದೀಪ ಹತ್ತಬೇಕು, ಕಸ ಗುಡಿಸುವವಳು ಪೊರಕೆ ಹಿಡಿದು ನನ್ನ ಕಾಲಬುಡಕ್ಕೆ ಬರಬೇಕು, ಆಮೇಲೆ ಏಳುತ್ತೇನೆ. ಮೊಮ್ಮಗಳಿಗೆ ನನ್ನ ಜೊತೆ ಬರುವುದೆಂದರೆ ಮುಜುಗರ. ಅಜ್ಜಿ, ಮುಗೀತು, ಇನ್ನೇನೂ ಇಲ್ಲ ಎಂದು ತೋಳು ಜಗ್ಗುತ್ತಾಳೆ. ಮಂಡಿನೋವು ಕಣೇ, ನಿಧಾನಕ್ಕೆ ಏಳ್ತೀನಿ ಎಂದು ಸುಳ್ಳು ಹೇಳುತ್ತೇನೆ. ಮಂಡಿನೋವು ಇರುವುದು ನಿಜ, ಆದರೆ ಕಾರಣ ಅದಲ್ಲ.

ಇದರ ಜೊತೆಗೆ ಇನ್ನೊಂದು ಕಾಯಿಲೆಯೂ ಇದೆ. ಕಾದಂಬರಿಯಿಂದ ತೆಗೆದ ಸಿನಿಮಾ ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. 'ಪುಸ್ತಕದಲ್ಲಿ ಇವಳು ಕಪ್ಪಗಿದ್ದಳು', 'ಪುಸ್ತಕದಲ್ಲಿ ಇಲ್ಲಿ ಮಳೆ ಬರುತ್ತೆ' ಎಂದು ಪಕ್ಕದವರ ಕಿವಿ ಕಚ್ಚುತ್ತಲೇ ಇರುತ್ತೇನೆ. ಸಿನಿಮಾದವರು ಪುಸ್ತಕವನ್ನು ಕೆಡಿಸಿದರು ಎಂದು ಹೇಳುವುದರಲ್ಲಿ ಒಂದು ಸುಖವಿದೆ. ನಾವು ಓದಿದ್ದೇವೆ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ. ಆದರೆ ಹಾಗೆ ಹೇಳುವಾಗಲೆಲ್ಲ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಹಿಂದೊಮ್ಮೆ ಕಡೂರಿನ ಟಾಕೀಸಿನಲ್ಲಿ ಇದೇ ಮಾತನ್ನು ಒಂದು ಬೆಂಚಿನ ತುಂಬ ಹೆಂಗಸರು ಗಟ್ಟಿಯಾಗಿ ಹೇಳಿದರು. ಅವತ್ತು ನನ್ನ ಗಿರಿಜತ್ತೆಯ ಮುಖದಲ್ಲಿ ರಕ್ತವಿರಲಿಲ್ಲ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ತರೀಕೆರೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಓದಿ, ಗಣಿತದಲ್ಲಿ ಡುಮ್ಕಿ ಹೊಡೆದು, ಅಜ್ಜಂಪುರದ ಮನೆಗೆ ವಾಪಸು ಬಂದು ಕೂತಿದ್ದೆ. ಮತ್ತೆ ಪರೀಕ್ಷೆ ಕಟ್ಟಬೇಕೋ ಮದುವೆ ಮಾಡಿಬಿಡಬೇಕೋ ಎಂದು ಅಪ್ಪ ಯೋಚಿಸುತ್ತಿದ್ದರು. ಯೋಚನೆ ಮುಗಿಯುವ ತನಕ ನನಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ನಮ್ಮ ಕಡೆ ಆಗ ಮನೆಮನೆಯಲ್ಲೂ ಒಣಮೆಣಸಿನಕಾಯಿಯ ರಾಶಿ. ಮಧ್ಯಾಹ್ನದ ಊಟವಾದ ಮೇಲೆ ಬೀದಿಯ ಹೆಂಗಸರು ನಮ್ಮ ಪಡಸಾಲೆಗೆ ಮೊರ ತಂದು ಕೂರುತ್ತಿದ್ದರು. ಅವರ ಕೈಗೆ ಮೆಣಸಿನಕಾಯಿ, ಕಿವಿಗೆ ಗಿರಿಜತ್ತೆಯ ಓದು.

ಗಿರಿಜತ್ತೆ ಅಪ್ಪನ ಅಕ್ಕ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು. ಆ ಬೀದಿಯ ಅವಳ ಓರಗೆಯವರಲ್ಲಿ ಅಕ್ಷರ ಬರುತ್ತಿದ್ದುದು ಅವಳೊಬ್ಬಳಿಗೇ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುತ್ತಿದ್ದ ನನ್ನ ತಾತ ಮಗಳಿಗೂ ಕಲಿಸಿದ್ದರು. ಅತ್ತೆ ಕಾದಂಬರಿ ಓದುತ್ತಿದ್ದುದೂ ಪುರಾಣದ ಧಾಟಿಯಲ್ಲೇ. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು, ಕಣ್ಣಿಗೊತ್ತಿಕೊಂಡು, ನಾಯಕ ನಾಯಕಿಗೆ ಪ್ರೇಮಪತ್ರ ಬರೆದರೂ ಅದನ್ನು ರಾಗವಾಗಿಯೇ ಓದುವಳು. ಯಾರಿಗಾದರೂ ಅಳು ಬಂದರೆ ಮೆಣಸಿನಕಾಯಿ ಘಾಟು ಎಂದು ಹೇಳುವ ಅನುಕೂಲವಿತ್ತು. ನನ್ನ ಅಭಿಪ್ರಾಯದಲ್ಲಿ ಕಾದಂಬರಿ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೂ ಬಂದಿಲ್ಲ.

ತಾತನಿಂದ ಅತ್ತೆಗೆ ಬಂದ ಇನ್ನೊಂದು ನೇಮವಿತ್ತು: ಸಾವಿನಲ್ಲಿ ಪುಸ್ತಕ ಮುಚ್ಚಬಾರದು. ಅವತ್ತಿನ ಓದಿನಲ್ಲಿ ಯಾರಾದರೂ ಸತ್ತರೆ ಮುಂದೆ ಒಂದು ಮದುವೆಯೋ, ನಾಮಕರಣವೋ, ಏನೂ ಸಿಗದಿದ್ದರೆ ಒಂದು ಊಟವೋ ಬರುವ ತನಕ ಓದಿ, ಆಮೇಲೆ ಮಂಗಳ ಹಾಡಿಯೇ ಏಳಬೇಕು. ಒಂದು ಸಲ ತಾತ ಯುದ್ಧದ ಪ್ರಸಂಗ ಹಿಡಿದರಂತೆ. ಹೆಣದ ಮೇಲೆ ಹೆಣ ಬಿದ್ದವೇ ಹೊರತು ಒಂದು ಶುಭದ ಮಾತು ಸಿಗಲಿಲ್ಲ. ಕೇಳಲು ಬಂದವರು ಹಸಿದು ಕಂಗಾಲಾದರು. ಕೊನೆಗೆ ಒಬ್ಬ ರಾಜ ಡೇರೆಯೊಳಗೆ ಹಾಲು ಕುಡಿದ ಎಂದು ಬಂತಂತೆ. ಅಷ್ಟಕ್ಕೇ ಎಲ್ಲರೂ ಕೈಮುಗಿದು ಎದ್ದು ಮನೆಗೆ ಓಡಿದರಂತೆ.

ಇಂಥ ಅತ್ತೆಯ ಕೈಗೆ ಆ ಕಾದಂಬರಿ ತಂದುಕೊಟ್ಟವಳು ನಾನು. ತರೀಕೆರೆಯಲ್ಲಿ ಮಾವನ ಮನೆಯ ಪಕ್ಕ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಕಾದಂಬರಿಯ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮ ಮನೆಯ ಹಿರಿಯರು ಈಗಲೂ ಕಣ್ಣೊರೆಸಿಕೊಂಡಾರು. ನಾಯಕಿಯ ಹೆಸರು ಸುಮತಿ. ಬಾಣಂತನಕ್ಕೆಂದು ತವರಿಗೆ ಬಂದವಳನ್ನು ಗಂಡನ ಮನೆಯವರು ಮತ್ತೆ ಕರೆಯಲು ಬರುವುದಿಲ್ಲ. ಕಾದೂ ಕಾದೂ ಸಾಕಾಗಿ ಅವಳೇ ಕರೆಯದೆ ಹೋಗುತ್ತಾಳೆ. ಬಾಗಿಲು ತೆಗೆಯುವುದಿಲ್ಲ. ಸುರಿವ ಮಳೆಯಲ್ಲಿ ಊರ ಕೆರೆಗೆ ಇಳಿಯುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯಿತು. ನಾನು ಒಂದೇ ಪಟ್ಟಿಗೆ ಓದಿ, ದಿಂಬು ಒದ್ದೆ ಮಾಡಿಕೊಂಡು, ಉಳಿದವರೂ ಅಳಲಿ ಎಂಬ ಔದಾರ್ಯದಿಂದ ಅದನ್ನು ಅತ್ತೆಗೆ ಕೊಟ್ಟಿದ್ದೆ.

ಓದು ಶುರುವಾಗಿ ಸುಮತಿ ತವರಿನಲ್ಲಿ ಕಾಯತೊಡಗಿದ ಮೇಲೆಯೇ ನನಗೆ ಹೊಳೆದದ್ದು, ಎದುರಿಗೆ ಕಂಬಕ್ಕೊರಗಿ ನೀಲಮ್ಮ ಕೂತಿದ್ದಾಳೆ ಎಂದು. ನೀಲಮ್ಮ ನಮ್ಮ ಬೀದಿಯ ಹುಡುಗಿ, ಬುಕ್ಕಾಂಬುಧಿಗೆ ಕೊಟ್ಟಿತ್ತು. ಅವಳೂ ಬಾಣಂತನಕ್ಕೆ ಬಂದವಳೇ. ಕೂಸು ಉಳಿಯಲಿಲ್ಲ. ಗಂಡ ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸಕ್ಕೆ ಮೇಸ್ತ್ರಿಯಾಗಿ ಹೋದವನು ಇತ್ತ ತಲೆಹಾಕಲಿಲ್ಲ. ಅತ್ತೆಮಾವ ಕರೆಯಲು ಬರಲಿಲ್ಲ. ಕರೆಯದೆ ಹೋಗುವ ಹಾಗಿಲ್ಲ, ತವರಿನಲ್ಲಿ ಎಷ್ಟು ದಿನ ಎಂದು ಯಾರೂ ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಓದು ಮುಂದುವರಿದಂತೆ ಅವಳ ಮೊರದಲ್ಲಿ ಮೆಣಸಿನಕಾಯಿ ಹಾಗೆಹಾಗೇ ಉಳಿಯತೊಡಗಿತು. ಅವಳ ಗಂಡನ ಮನೆಯ ಹಿತ್ತಲು ದಾಟಿದರೆ ಬುಕ್ಕಾಂಬುಧಿಯ ದೊಡ್ಡ ಕೆರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಮುಂದಿನ ಪುಟಗಳನ್ನು ಮೊದಲೇ ಓದಿಕೊಳ್ಳುವವಳಲ್ಲ. ಕೊನೆಯ ದಿನ ಸುಮತಿ ಗಂಡನ ಮನೆಯ ಬಾಗಿಲು ಬಡಿದಳು, ಬಾಗಿಲು ತೆಗೆಯಲಿಲ್ಲ, ಮಳೆ ಬಂತು, ಕೆರೆಯ ಏರಿ ಹತ್ತಿದಳು. ಅಲ್ಲಿಗೆ ಅತ್ತೆಯ ರಾಗ ಸಣ್ಣಗಾಯಿತು. ನಾನು ಪಕ್ಕದಲ್ಲೇ ಇದ್ದೆ. ಕೊನೆಯ ಪುಟ, ಉಳಿದದ್ದು ನಾಲ್ಕು ಸಾಲು, ಕೆಳಗೆ 'ಮುಗಿಯಿತು' ಎಂಬ ಅಚ್ಚು. ಅತ್ತೆ ಆ ಅಚ್ಚಿನ ಮೇಲೆ ಹೆಬ್ಬೆರಳು ಒತ್ತಿದಳು. ತಲೆ ಎತ್ತಿ ನೀಲಮ್ಮನನ್ನು ನೋಡಿದಳು. ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿ, ಅದೇ ಧಾಟಿಯಲ್ಲಿ, ಒಂದಿಷ್ಟೂ ತಡವರಿಸದೆ ಓದತೊಡಗಿದಳು.

ಸುಮತಿ ಕೆರೆಯ ಮೆಟ್ಟಿಲಿಳಿದು ಕೆಸರಾದ ಕಾಲು ತೊಳೆದಳಂತೆ. ಕಲ್ಲಿನ ಮೇಲೆ ಕೂತಳಂತೆ. ಬೆಳಗಾಯಿತಂತೆ. ಕೊಡ ಹೊತ್ತು ನೀರಿಗೆ ಬಂದ ಅವಳ ಅತ್ತೆ ಸೊಸೆಯ ಒದ್ದೆ ತಲೆ ನೋಡಿ ಸೆರಗಿನಿಂದ ಒರೆಸಿ, ಹೊತ್ತಾಯಿತು, ಊಟ ಮಾಡುವಿಯಂತೆ ಬಾ ಎಂದಳಂತೆ. ಗಿರಿಜತ್ತೆ ಹೀಗೆ ಸುಮತಿಗೆ ಊಟ ಬಡಿಸಿ, ಗಂಡನನ್ನು ಕರೆಸಿ, ತಪ್ಪೊಪ್ಪಿಸಿ, ಮಂಗಳ ಹಾಡಿ ಪುಸ್ತಕ ಮುಚ್ಚಿದಳು. ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟು ಮೊರ ಕೊಡವಿದರು. ಎಲ್ಲರಿಗಿಂತ ಹಿರಿಯಳಾದ ಹಾಲಜ್ಜಿ, ಬರೆದವನು ಪುಣ್ಯಾತ್ಮ ಎಂದಳು.

ಇದು ಅಲ್ಲಿಗೇ ಮುಗಿದಿದ್ದರೆ ಇವತ್ತು ನಗುತ್ತಾ ಹೇಳಬಹುದಿತ್ತು. ಆದರೆ ಮುಂದಿನ ವಾರ ನೀಲಮ್ಮ ಅಣ್ಣನಿಗೆ ಹೇಳಿದಳು, ಕರೆಯದಿದ್ದರೂ ಚಿಂತೆಯಿಲ್ಲ, ನಾನೇ ಬುಕ್ಕಾಂಬುಧಿಗೆ ಹೋಗುತ್ತೇನೆ ಎಂದು. ಅಣ್ಣ ಬರುವ ಸೋಮವಾರ ಗಾಡಿ ಕಟ್ಟುವುದೆಂದು ನಿಶ್ಚಯಿಸಿದ. ಹೆಂಗಸರಿಗೆಲ್ಲ ಸಂತೋಷವೋ ಸಂತೋಷ. ಸುಮತಿಗೆ ಆದ ಹಾಗೇ ಇವಳಿಗೂ ಆಗುತ್ತದೆ ಎಂದು ಅವಳ ಮಡಿಲಿಗೆ ಅಕ್ಕಿ ಬೆಲ್ಲ ಹಾಕತೊಡಗಿದರು. ಅತ್ತೆ ಅನ್ನ ಬಿಟ್ಟಳು. ಒಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದಳು.

"ಪುಸ್ತಕ ಯಾರ್ದೋ ಕಣೇ ವಿಮ್ಲಿ, ಆ ಕೊನೆ ನಂದು. ಅದನ್ನ ನಂಬ್ಕೊಂಡು ಹೊರಟವ್ಳಲ್ಲೇ ಆ ಹುಡ್ಗಿ."

ನಿಜ ಹೇಳಿಬಿಡು ಎಂದೆ. ಹೇಳಿದರೆ ಕೆರೆಯ ಸುದ್ದಿಯನ್ನೂ ಹೇಳಬೇಕಲ್ಲ ಎಂದಳು. ಸುಳ್ಳು ಅವಳನ್ನು ಮುಚ್ಚಿದ ಬಾಗಿಲಿಗೆ ಕಳಿಸುತ್ತದೆ, ನಿಜ ಅವಳಿಗೆ ಕೆರೆಯ ದಾರಿ ತೋರಿಸುತ್ತದೆ. ಎಸ್ಸೆಸ್ಸೆಲ್ಸಿ ತನಕ ಓದಿದ ನನಗೂ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಗಣಿತದ ಪತ್ರಿಕೆ ಮುಂದೆ ಕೂತಾಗಿನ ಹಾಗೇ ಬೆವರಿದೆ.

ಅದೇ ಹೊತ್ತಿಗೆ ಆ ಸಿನಿಮಾ ಬಂತು. ಅದೇ ಕಾದಂಬರಿ, ಕಡೂರಿನ ತಗಡಿನ ಟಾಕೀಸಿನಲ್ಲಿ. ಮೆಣಸಿನಕಾಯಿ ಮಂಡಿಯವರ ಮನೆಯ ಪಾರ್ವತಕ್ಕ, ನಮ್ಮ ಬೀದಿಗೆಲ್ಲ ಜೋರಿನ ಹೆಂಗಸು, ಭಾನುವಾರದ ಮಧ್ಯಾಹ್ನದ ಆಟಕ್ಕೆ ಎಲ್ಲರೂ ಹೋಗುವುದೆಂದು ಸಾರಿಬಿಟ್ಟಳು. ಕೇಳಿದ ಕಥೆಯನ್ನು ಕಣ್ಣಾರೆ ನೋಡಿ, ಶುಭವಾಗಿ ನೀಲಮ್ಮನನ್ನು ಮಾರನೆಯ ದಿನ ಕಳಿಸಿಕೊಡುವುದು ಅವಳ ಯೋಜನೆ. ಅತ್ತೆ ಏನೇನೋ ಅಡ್ಡ ಹಾಕಿದಳು. ಅಮಾವಾಸ್ಯೆ ಹತ್ತಿರ ಎಂದಳು. ಎಮ್ಮೆ ಈಯುತ್ತದೆ ಎಂದಳು. ನಮ್ಮ ಎಮ್ಮೆ ಗಬ್ಬವೇ ಆಗಿರಲಿಲ್ಲ ಎಂಬುದು ಹಾಲು ಕೊಳ್ಳುತ್ತಿದ್ದ ಪಾರ್ವತಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ನೀಲಮ್ಮನೇ ಬಂದು, ನೀವೂ ಬನ್ನಿ ಅಕ್ಕ, ನಿಮ್ಮ ಪಕ್ಕದಲ್ಲೇ ಕೂರುತ್ತೇನೆ ಎಂದಳು. ಅತ್ತೆ ಹೊರಡಲು ಒಪ್ಪಿದಳು.

ರೈಲಿನಲ್ಲಿ ಕಡೂರಿಗೆ ಹೋಗುವಾಗ ನಾವಿಬ್ಬರೂ ಒಂದು ಸಂಚು ಮಾಡಿದೆವು. ಪುಸ್ತಕದಲ್ಲಿ ಸುಮತಿ ಕೆರೆಗೆ ಹೊರಡುವ ಮೊದಲು ಕೈಬಳೆ ತೆಗೆದು ಹೊಸಿಲ ಮೇಲೆ ಇಡುತ್ತಾಳೆ. ಬಳೆ ತೆಗೆದ ಕೂಡಲೇ ನಾನು ಅತ್ತೆಯನ್ನು ಚಿವುಟಬೇಕು. ಅತ್ತೆಗೆ ತಲೆಸುತ್ತು ಬರಬೇಕು. ನೀಲಮ್ಮನನ್ನು ಆಸರೆಗೆ ಕರೆದುಕೊಂಡು ಹೊರಗೆ ಹೋಗಿ, ಆಟ ಮುಗಿಯುವ ತನಕ ಗೋಡೆ ನೆರಳಿನಲ್ಲಿ ಕೂತಿರಬೇಕು. ಪುಸ್ತಕವನ್ನು ಅರೆದು ಕುಡಿದಿದ್ದ ನನಗೆ ಇದು ಸೋಲದ ಉಪಾಯವಾಗಿ ಕಂಡಿತು. ಬೀರೂರು ದಾಟುವಷ್ಟರಲ್ಲಿ ಅತ್ತೆಯೂ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಸಮಾಧಾನವಾದಳು.

ಆದರೆ ಸಿನಿಮಾ ತೆಗೆದವರು ನನ್ನನ್ನು ಕೇಳಿ ತೆಗೆದಿರಲಿಲ್ಲ. ಪುಸ್ತಕದ ಸುಮತಿ ಬಡಕಲು, ಕಪ್ಪು. ಪರದೆಯ ಮೇಲೆ ಬಂದವಳು ತುಪ್ಪದಲ್ಲಿ ಅದ್ದಿ ತೆಗೆದಂತಿದ್ದಳು. ಪುಸ್ತಕದಲ್ಲಿ ಒಂದು ಮಾತೂ ಆಡದೆ ಹೆದರಿಸುವ ಸುಮತಿಯ ಅತ್ತೆ ಇಲ್ಲಿ ಸೊಂಟಕ್ಕೆ ಕೈಕೊಟ್ಟು ಕಿರುಚಿದಳು. ಪುಸ್ತಕದಲ್ಲಿ ಇಲ್ಲವೇ ಇಲ್ಲದ ಒಬ್ಬ ಡೊಳ್ಳುಹೊಟ್ಟೆಯ ಅಡುಗೆಭಟ್ಟನೂ ಅವನ ಹೆಂಡತಿಯೂ ಎರಡೆರಡು ಸಲ ಬಂದು ಜಾರಿಬಿದ್ದರು. ತಗಡಿನ ತೂತುಗಳಿಂದ ಬಿಸಿಲಿನ ಚುಕ್ಕೆಗಳು ಪರದೆಯ ಮೇಲೆ ಬಿದ್ದು, ಸುಮತಿ ಎಲ್ಲಿ ನಿಂತರೂ ಅವಳ ಸೀರೆಗೆ ಇಲ್ಲದ ಬುಟ್ಟಾ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಈ ಒಂದೊಂದನ್ನೂ ಎಣಿಸಿ ಆಡಿಕೊಳ್ಳುತ್ತಿದ್ದೆ. ಅವತ್ತು ನನ್ನ ಕಣ್ಣು ಸುಮತಿಯ ಬಳೆಗಳ ಮೇಲೇ ಇತ್ತು.

ಸುಮತಿ ಬಳೆ ತೆಗೆದಳು. ನಾನು ಚಿವುಟಿದೆ. ಅತ್ತೆ ನರಳಿ ನೀಲಮ್ಮನ ಹೆಗಲಿಗೆ ಒರಗಿದಳು. ನೋಡಿದರೆ ಸುಮತಿ ಬಳೆ ತೆಗೆದದ್ದು ಹಿಟ್ಟು ನಾದುವುದಕ್ಕೆ. ಅಡುಗೆಭಟ್ಟ ಮೂರನೆಯ ಸಲ ಜಾರಿಬಿದ್ದ; ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಪಾರ್ವತಕ್ಕ ಗೋಲಿಸೋಡಾ ತರಿಸಿ ಅತ್ತೆಯ ಬಾಯಿಗೆ ಹಿಡಿದಳು, ಹಾಲಜ್ಜಿ ಸೆರಗಿನಿಂದ ಗಾಳಿ ಹಾಕಿದಳು, ಯಾರೂ ಹೊರಗೆ ಹೋಗಲು ಬಿಡಲಿಲ್ಲ. ತಲೆಸುತ್ತು ವಾಸಿಯಾಯಿತೆಂದು ಅತ್ತೆ ಒಪ್ಪಿಕೊಳ್ಳಲೇಬೇಕಾಯಿತು. ಇನ್ನೊಂದು ಸಲ ತಲೆಸುತ್ತು ಬರುವ ಹಾಗಿರಲಿಲ್ಲ, ಬಂದರೆ ಮತ್ತೆ ಸೋಡಾ ಬರುತ್ತಿತ್ತು.

ಮುಂದೆ ಬಳೆಯೂ ಇಲ್ಲ, ಹೊಸಿಲೂ ಇಲ್ಲ. ಬಾಗಿಲು ಮುಚ್ಚಿದ ಸದ್ದಾಯಿತು, ಅಷ್ಟರಲ್ಲೇ ಸುಮತಿ ಕೆರೆಯ ಏರಿ ಮೇಲೆ ನಿಂತಿದ್ದಳು. ಮಳೆ ಇರಲಿಲ್ಲ, ಬೆಳದಿಂಗಳಿತ್ತು. ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದದ್ದನ್ನು ಇವರು ಒಂದು ಇಡೀ ಹಾಡು ಮಾಡಿದ್ದರು. ಒಂದೊಂದು ಚರಣಕ್ಕೆ ಒಂದೊಂದು ಮೆಟ್ಟಿಲು ಇಳಿದಳು. ಅತ್ತೆ ನೀಲಮ್ಮನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಪರದೆ ನೋಡಲಿಲ್ಲ, ನೀಲಮ್ಮನನ್ನೇ ನೋಡಿದೆ. ಬೆಂಚಿನ ಉದ್ದಕ್ಕೂ ಎಲ್ಲರೂ ಬಿಕ್ಕುತ್ತಿದ್ದರು, ಘಾಟು ಎನ್ನಲು ಅಲ್ಲಿ ಮೆಣಸಿನಕಾಯಿ ಇರಲಿಲ್ಲ. ಅವಳು ಮಾತ್ರ ಅಳಲಿಲ್ಲ. ರೆಪ್ಪೆ ಹೊಡೆಯದೆ ನೀರನ್ನು ನೋಡುತ್ತಿದ್ದಳು. ನನಗೆ ಅಷ್ಟು ಭಯ ಜೀವಮಾನದಲ್ಲಿ ಮತ್ತೆಂದೂ ಆಗಿಲ್ಲ.

ಹಾಡು ನಿಂತಿತು. ನೀರಿನ ಮೇಲೆ ಒಂದು ಹೂವು ತೇಲಿತು. ಅದರ ಮೇಲೆ ದೊಡ್ಡ ಅಕ್ಷರಗಳು ಮೂಡಿದವು. ಪರದೆ ಬೆಳ್ಳಗಾಯಿತು, ಬಾಗಿಲು ತೆಗೆದರು, ಗಂಡಸರು ಬೀಡಿ ಹಚ್ಚಿಕೊಳ್ಳುತ್ತಾ ಹೊರಗೆ ಹೋದರು. ನಮ್ಮ ಬೆಂಚಿನವರು ಯಾರೂ ಏಳಲಿಲ್ಲ. ಹಾಲಜ್ಜಿ ಕಣ್ಣೊರೆಸಿಕೊಂಡು, ಏನೋ ಬರೆದಿದ್ದರಲ್ಲ, ಏನದು ಎಂದು ಅತ್ತೆಯನ್ನು ಕೇಳಿದಳು.

"ಶುಭಂ ಅಂತ," ಎಂದಳು ಅತ್ತೆ.

"ಶುಭ ಅಂತ ಬರ್ದವ್ರೆ ಅಂದ್ಮ್ಯಾಲೆ ಇನ್ನೂ ಐತೆ. ಕೂತ್ಕಳ್ರೇ," ಎಂದಳು ಹಾಲಜ್ಜಿ.

ಎಲ್ಲರೂ ಸೆರಗು ಸರಿಮಾಡಿಕೊಂಡು ಕೂತರು. ಸುಮತಿ ಮೇಲೆ ಬಂದು ಕಾಲು ತೊಳೆಯಬೇಕು, ಅವಳ ಅತ್ತೆ ಕೊಡ ಹೊತ್ತು ಬರಬೇಕು, ಊಟವಾಗಬೇಕು. ಖಾಲಿ ಪರದೆಯ ಮೇಲೆ ಬಿಸಿಲಿನ ಚುಕ್ಕೆಗಳು ಮಾತ್ರ ಇದ್ದವು. ಗಿರಿಜತ್ತೆ ಏಳಲೂ ಆರಳು, ಕೂರಲೂ ಆರಳು. ಗೇಟಿನವನು ಬಂದು, ಮುಗಿಯಿತು ಏಳಿ, ಮುಂದಿನ ಆಟದ ಜನ ನಿಂತಿದ್ದಾರೆ ಎಂದ. ಹಾಲಜ್ಜಿ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಮುಗೀತು ಅಂದ್ರೇನಪ್ಪಾ? ಹೆಣಾನ ನೀರಾಗೆ ಬಿಟ್ಟು ಎದ್ದೋಗಾಕಾಯ್ತದಾ?"

ಪಾರ್ವತಕ್ಕ ಎದ್ದು ನಿಂತು, ಪುಸ್ತಕದಲ್ಲಿ ಅವಳು ಬದುಕುತ್ತಾಳೆ, ನಮ್ಮ ಗಿರಿಜಮ್ಮ ಎಲ್ಲರ ಎದುರಿಗೇ ಓದಿದ್ದಾಳೆ, ಸಿನಿಮಾದವರು ಕಥೆ ಕೆಡಿಸಿದ್ದಾರೆ, ಟಿಕೆಟ್ಟಿನ ದುಡ್ಡು ವಾಪಸು ಕೊಡು ಎಂದು ಜಗಳಕ್ಕೇ ನಿಂತಳು. ಬೇಕಾದರೆ ಅವಳನ್ನೇ ಕೇಳು ಎಂದು ಅತ್ತೆಯ ಕಡೆ ಕೈ ಮಾಡಿದಳು. ಗೇಟಿನವನು ಅತ್ತೆಯ ಮುಖ ನೋಡಿದ. ಬೆಂಚಿನವರೆಲ್ಲ ನೋಡಿದರು. ಅಷ್ಟರಲ್ಲಿ ನೀಲಮ್ಮ ಎದ್ದು, ರೈಲಿಗೆ ಹೊತ್ತಾಯಿತು, ಬನ್ನಿ ಅಕ್ಕ ಎಂದು ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

ರೈಲಿನಲ್ಲಿ ಉಳಿದವರು ಡಬ್ಬಿಯ ಆ ತುದಿಯಲ್ಲಿ ಕೂತು ಸಿನಿಮಾದವರ ವಂಶವನ್ನೇ ಜಾಲಾಡುತ್ತಿದ್ದರು. ಈ ತುದಿಯಲ್ಲಿ ಅತ್ತೆ, ನೀಲಮ್ಮ, ನಾನು. ನೀಲಮ್ಮ ಕಿಟಕಿಯಾಚೆ ನೋಡುತ್ತಲೇ ಮಾತಾಡಿದಳು.

"ಆವತ್ತೇ ಗೊತ್ತಾಯ್ತಕ್ಕ. ಹಾಳೆ ಎಲ್ಲಾ ನಿಮ್ಮ ಎಡಗೈ ಕಡೆ ಬಂದ್ಬಿಟ್ಟಿದ್ವು. ಬಲಗಡೆ ಬರೀ ರಟ್ಟಿತ್ತು. ಆಮ್ಯಾಕೆ ಅಷ್ಟೊತ್ತು ಓದಿದ್ರಿ, ಒಂದು ಹಾಳೆನೂ ತಿರುವಲಿಲ್ಲ."

ಅತ್ತೆ ಅತ್ತೇಬಿಟ್ಟಳು. ಗೊತ್ತಿದ್ದೂ ಯಾಕೆ ಹೊರಟೆ ತಾಯಿ, ಆ ಬಾಗಿಲು ತೆಗೆಯದಿದ್ದರೆ ಏನು ಮಾಡುತ್ತೀ ಎಂದು ಕೇಳಿದಳು.

"ತೆಗೀತಾರೋ ಇಲ್ವೋ ನೋಡ್ಬೇಕಲ್ಲಕ್ಕ. ಕಾಯೋದು ಸಾಕಾಯ್ತು. ತೆಗೀಲಿಲ್ಲ ಅಂದ್ರೆ ಕಾಲು ತೊಳ್ಕಂಡು ಬತ್ತೀನಿ." ಕಿಟಕಿ ಬಿಟ್ಟು ಅತ್ತೆಯ ಕಡೆ ತಿರುಗಿದಳು. "ವಾಪಸ್ ಬಂದ್ರೆ ಮುಂದಕ್ಕೆ ಓದ್ತೀರಾ?"

ಅತ್ತೆ ತಲೆಯಾಡಿಸಿದಳು. ಆದರೆ ಮಾತು ರೈಲಿನಲ್ಲಿ ಆಡುವುದು ಬೇರೆ, ಕೆರೆಯ ದಂಡೆಯಲ್ಲಿ ಒಬ್ಬಳೇ ನಿಂತಾಗ ನೆನಪಿಡುವುದು ಬೇರೆ ಎಂದು ಅವಳಿಗೆ ಗೊತ್ತಿತ್ತು. ಆ ಹುಡುಗಿಯ ಕಣ್ಣಿನಲ್ಲಿ ಈಗ ಅತ್ತೆಯ ಕೊನೆಯೂ ಇತ್ತು, ಸಿನಿಮಾದ ಬೆಳದಿಂಗಳ ಮೆಟ್ಟಿಲುಗಳೂ ಇದ್ದವು.

ಸೋಮವಾರ ಗಾಡಿ ಹೋಯಿತು. ಅವಳ ಅಣ್ಣ ಊರಬಾಗಿಲಿನಲ್ಲಿ ಇಳಿಸಿ ಸಂಜೆ ಒಬ್ಬನೇ ವಾಪಸು ಬಂದ; ತಂಗಿಯೇ ಹಾಗೆ ಕಳಿಸಿದಳಂತೆ. ಮಾರನೆಯ ದಿನ ಬೆಳಗಿನಿಂದ ಅತ್ತೆ ಪಡಸಾಲೆ ಬಿಟ್ಟು ಕದಲಲಿಲ್ಲ. ಬೀದಿಯಲ್ಲಿ ಗಾಡಿ ಬಂದರೆ ಎದ್ದು ನಿಲ್ಲುವಳು, ಯಾರಾದರೂ ಓಡಿ ಬಂದರೆ ಬಾಗಿಲ ಚೌಕಟ್ಟು ಹಿಡಿಯುವಳು. ಮಧ್ಯಾಹ್ನ ಹೆಂಗಸರು ಮೊರ ತಂದು ಕೂತರು. ಎಂದಿನ ಹರಟೆ ಇರಲಿಲ್ಲ. ಕಡೂರಿನಿಂದ ಬಂದ ಮೇಲೆ ಅವರಿಗೂ ಏನೋ ಅಳುಕು ಹತ್ತಿತ್ತು, ಆಡಿ ತೋರಿಸುತ್ತಿರಲಿಲ್ಲ ಅಷ್ಟೆ. ನೀಲಮ್ಮ ಒರಗುತ್ತಿದ್ದ ಕಂಬದ ಬಳಿ ಯಾರೂ ಕೂತಿರಲಿಲ್ಲ.

ಹೊತ್ತು ವಾಲಿದ ಮೇಲೆ ಅವಳು ಬಂದಳು. ನಡೆದೇ ಬಂದಿದ್ದಳು. ಬಾಗಿಲು ತೆಗೆದರಂತೆ, ಕುಡಿಯಲು ನೀರು ಕೊಟ್ಟರಂತೆ, ಒಳಗೆ ಬಾ ಎನ್ನಲಿಲ್ಲವಂತೆ. ಲಕ್ಕವಳ್ಳಿಯಲ್ಲಿ ಗಂಡನಿಗೆ ಬೇರೆ ಸಂಸಾರ ಆಗಿದೆ ಎಂದು ಅವಳ ಅತ್ತೆ ಹೊಸಿಲಿನ ಒಳಗೇ ನಿಂತು ಹೇಳಿದಳಂತೆ. ಇರುಳಿಗೆ ಪಕ್ಕದ ಮನೆಯವರು ಕರೆದು ಮಲಗಿಸಿಕೊಂಡರಂತೆ. ಇಷ್ಟನ್ನೂ ಅವಳು ನಿಂತುಕೊಂಡೇ, ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. ಆಮೇಲೆ ತನ್ನ ಕಂಬಕ್ಕೆ ಒರಗಿ ಕೂತಳು. ಸೀರೆಯ ಅಂಚು ಮೊಣಕಾಲಿನ ತನಕ ಕೆರೆಯ ಕೆಸರಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಕಾಲು ತೊಳೆಯುವುದಕ್ಕೆ ಅಷ್ಟು ಆಳ ಇಳಿಯಬೇಕಾಗಿರಲಿಲ್ಲ. ಅದನ್ನು ಅಲ್ಲಿದ್ದ ಎಲ್ಲರೂ ನೋಡಿದರು.

ಹಾಲಜ್ಜಿ ತನ್ನ ಮೊರದ ಅರ್ಧ ಮೆಣಸಿನಕಾಯಿಯನ್ನು ಅವಳ ಮುಂದೆ ಸುರಿದಳು.

"ಓದಿ ಅಕ್ಕ," ಎಂದಳು ನೀಲಮ್ಮ. "ಮುಂದಕ್ಕೆ."

ಕಾದಂಬರಿ ತರೀಕೆರೆಗೆ ವಾಪಸು ಹೋಗಿ ದಿನಗಳಾಗಿದ್ದವು. ಅತ್ತೆ ಸುತ್ತ ನೋಡಿ, ಗೂಡಿನಲ್ಲಿದ್ದ ನನ್ನ ಶಾಲೆಯ ಭೂಗೋಳದ ಪುಸ್ತಕವನ್ನು ಎಳೆದು ವ್ಯಾಸಪೀಠದ ಮೇಲಿಟ್ಟಳು. ಕಣ್ಣಿಗೊತ್ತಿಕೊಂಡಳು. ಸುಮತಿ ಕೆರೆಯಿಂದ ಮೇಲೆ ಬಂದಳು, ಸೆರಗು ಹಿಂಡಿಕೊಂಡಳು, ತನ್ನೂರಿನ ದಾರಿ ಹಿಡಿದಳು ಎಂದು ರಾಗವಾಗಿ ಓದತೊಡಗಿದಳು. ಪುಸ್ತಕದ ರಟ್ಟಿನ ಮೇಲೆ ಭೂಮಂಡಲದ ದೊಡ್ಡ ಚಿತ್ರವಿತ್ತು, ಅಕ್ಷರ ಬಾರದವರಿಗೂ ಕಾಣುವಂಥದ್ದು. ಎಲ್ಲರೂ ಅದನ್ನು ನೋಡಿದರು. ಅವತ್ತು ಹೊತ್ತು ಮುಳುಗುವ ತನಕ ಓದು ನಡೆಯಿತು. ಅತ್ತೆ ಒಂದು ಹಾಳೆಯನ್ನೂ ತಿರುವಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ.